ಎದುರು ಮಾತಾಡದ ಮೇಸ್ತ್ರಿ

ಸಿಮೆಂಟಿನ ಕಲಬೆರಕೆಯನ್ನಾದರೂ ಬೆರಳಲ್ಲಿ ತಿಕ್ಕಿ ನೋಡಿ ಹೇಳಬಹುದು, ಮೇಸ್ತ್ರಿಗಳ ಕಲಬೆರಕೆ ಮಾತ್ರ ಮನೆ ಮುಗಿಯುವ ತನಕ ಗೊತ್ತಾಗುವುದಿಲ್ಲ ಎಂಬುದು ಚಂದ್ರಕಲಾ ಮೇಡಂ ಅವರ ಸಿದ್ಧಾಂತ. ಇದನ್ನು ಅವರು ಸ್ಟಾಫ್ ರೂಮಿನಲ್ಲಿ, ತಾಯಲೂರಿನ ಬಸ್ಸಿನಲ್ಲಿ, ಸೊಪ್ಪಿನವಳ ಗಾಡಿಯ ಮುಂದೆ, ಕೇಳುವವರು ಸಿಕ್ಕಲ್ಲೆಲ್ಲ (ಕೇಳದವರು ಸಿಕ್ಕಲ್ಲೂ) ಮಂಡಿಸಿದ್ದರು. ಅವರು ತಾಯಲೂರಿನ ಆಚೆ ಒಂದು ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಪ್ಪತ್ತಾರು ವರ್ಷ ಮಕ್ಕಳ ಮುಖ ನೋಡಿಯೇ ಯಾರು ಹೋಂವರ್ಕ್ ಮಾಡಿಲ್ಲ ಎಂದು ಹೇಳಿದವರು. ಅಂಥವರಿಗೆ ಒಬ್ಬ ಗಾರೆ ಮೇಸ್ತ್ರಿಯ ಮುಖ ಓದುವುದು ಯಾವ ದೊಡ್ಡ ವಿದ್ಯೆ?

ಮುಳಬಾಗಿಲಿನ ಹೊಸ ಬಡಾವಣೆಯಲ್ಲಿ ಅವರ ಸ್ವಂತ ಮನೆಯ ಇಟ್ಟಿಗೆ ಗೋಡೆ ಎದ್ದು, ತಾರಸಿಯ ಮೋಲ್ಡ್ ಹಾಕಿ ಆಗಿತ್ತು. ಪ್ಲಾಸ್ಟರಿಂಗ್ ಆಗಬೇಕಿತ್ತು. ಗೃಹಪ್ರವೇಶಕ್ಕೆ ಎರಡು ತಿಂಗಳಾಚೆ ಮುಹೂರ್ತ ಗೊತ್ತಾಗಿತ್ತು. ಮಾಲೂರಿನ ತವರಿನವರಿಂದ ಹಿಡಿದು ಶ್ರೀನಿವಾಸಪುರದ ನಾದಿನಿಯವರೆಗೆ ಎಲ್ಲರಿಗೂ ಮೇಡಂ ಫೋನು ಮಾಡಿ, "ಗೋಡೆ ಅಂದ್ರೆ ಹೇಗಿರುತ್ತೆ ಅಂತ ಬಂದು ನೋಡಿ" ಎಂದು ಕರೆದಿದ್ದರು. ಯಾರು ಎಂಥ ಕಳ್ಳ ಮೇಸ್ತ್ರಿಗೆ ಸಿಕ್ಕಿ ಹಾಳಾದರು ಎಂಬುದನ್ನು ಅವರವರ ಮನೆಯ ಗೃಹಪ್ರವೇಶದ ಊಟದಲ್ಲೇ ಕೂತು ಮೇಡಂ ಹೇಳಿದ್ದರಿಂದ, ಈಗ ಅವರ ಗೋಡೆಯಲ್ಲಿ ಒಂದು ಗೆರೆ ಬಿರುಕು ಬಿಟ್ಟರೂ ಮೂರು ತಾಲ್ಲೂಕು ನಗುವುದಕ್ಕೆ ಕಾದು ಕೂತಿತ್ತು.

"ಯಾರನ್ನಾದ್ರೂ ವಿಚಾರಿಸ್ಲಾ?" ಎಂದರು ಗಂಡ ಕೋದಂಡರಾಮಪ್ಪ. ಹಾಲಿನ ಸಂಘದ ಗುಮಾಸ್ತ. ದಿನಾ ಬೆಳಿಗ್ಗೆ ಊರಿನ ಗಟ್ಟಿಗರ ಮುಖಕ್ಕೇ "ನಿನ್ನ ಹಾಲಿಗೆ ನೀರು ಬಿದ್ದೈತೆ" ಎಂದು ಹೇಳುವ ಧೀರ. ಆ ಧೈರ್ಯವನ್ನು ಸಂಜೆ ಮನೆಗೆ ಬರುವಾಗ ಸಂಘದಲ್ಲೇ ಬೀಗ ಹಾಕಿ ಬರುತ್ತಿದ್ದರು.

"ನೀವು ವಿಚಾರಿಸಿದ್ದು ಸಾಕು. ಹೋದ ಸಲ ನೀವು ವಿಚಾರಿಸಿ ತಂದ ಗ್ರೈಂಡರ್ ಇವತ್ತಿಗೂ ಒಂದೇ ಕಡೆ ತಿರುಗ್ತಿದೆ."

(ಗ್ರೈಂಡರ್ ಒಂದೇ ಕಡೆಗಲ್ಲವೇ ತಿರುಗುವುದು ಎಂದು ಕೋದಂಡರಾಮಪ್ಪ ಕೇಳಲಿಲ್ಲ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾಗಿತ್ತು.)

ಮೊದಲು ಬಂದವನು ಕೋಲಾರದ ಕಂಟ್ರಾಕ್ಟರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಮೊಬೈಲು. ತಾನು ಮಾಡಿದ ಮನೆಗಳೆಂದು ಒಂದೊಂದೇ ಫೋಟೋ ಸರಿಸುತ್ತ ಹೋದ. ಮೇಡಂ ಒಂದರ ಮೇಲೆ ಬೆರಳಿಟ್ಟರು.

"ಇದು ಎಲ್ಲಿ?"

"ನರಸಾಪುರದ ಹತ್ರ ಮೇಡಂ, ಫ್ಯಾಕ್ಟರಿ ಓನರ್ದು."

"ನರಸಾಪುರದಲ್ಲಿ ತಾರಸಿ ಮೇಲೆ ಹಿಮ ಯಾವಾಗ ಬಿತ್ತಪ್ಪಾ?"

ಕಂಟ್ರಾಕ್ಟರಿಗೆ ತಕ್ಷಣ ಎರಡೂ ಮೊಬೈಲಿಗೆ ಕರೆ ಬಂತು. ಹೋದವನು ತಿರುಗಿ ನೋಡಲಿಲ್ಲ.

ಎರಡನೆಯವನು ಟೇಕಲ್ಲಿನ ಆಂಜಿನಪ್ಪ, ನರೆತ ಮೇಸ್ತ್ರಿ. ಇವನು ಫೋಟೋ ತೋರಿಸಲಿಲ್ಲ. ಬಂದವನೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ. "ಈ ಗೋಡೆ ಅರ್ಧ ಇಂಚು ಆ ಕಡೆಗೆ ವಾಲೈತೆ ಕದಮ್ಮಾ" ಎಂದ. ಆಮೇಲೆ ಶುರುವಾಯಿತು ಪ್ರಶ್ನೆಗಳ ಸುರಿಮಳೆ. ಮರಳು ಯಾವ ಕಡೇದು? ನೀರಿಗೆ ಟ್ಯಾಂಕರಾ, ಬೋರಾ? ಅಡುಗೆ ಮನೆಗೆ ಟೈಲ್ಸ್ ಎಷ್ಟೆತ್ತರ? ಗೀಸರ್ ಎಲ್ಲಿ ಬರ್ತೈತೆ? ಕರೆಂಟಿನೋನು ಎಲ್ಲಾ ಮುಗಿಸವ್ನಾ, ನಾನೊಂದು ಮಾತು ಅವನ ಹತ್ರ ಆಡ್ಲಾ?

ಮೇಡಂ ಮುಖ ಗಂಟಾಯಿತು. ತರಗತಿಯಲ್ಲಿ ಇಷ್ಟು ಪ್ರಶ್ನೆ ಕೇಳುವ ಹುಡುಗ ಒಂದೋ ಪಾಠ ಕೇಳದವನು, ಇಲ್ಲವೇ ಬೆಲ್ಲು ಹೊಡೆಯುವ ತನಕ ಸಮಯ ಕಳೆಯುವವನು.

"ಕರೆಂಟಿನೋನ ಹತ್ರ ನಿನಗೇನು ಮಾತು? ಇಬ್ಬರೂ ಸೇರಿ ಕಮಿಷನ್ ಹೊಡೆಯೋಕಾ?"

"ಅದಿ ಕಾದಮ್ಮಾ, ಅದಲ್ಲ..."

"ನಿನಗೇ ಇಷ್ಟು ಅನುಮಾನ ಇದ್ರೆ ನನ್ನ ಗೋಡೆ ಗತಿ ಏನು? ಹೋಗಿ ಬಾ."

ಆಂಜಿನಪ್ಪ ತೂಗುಗುಂಡಿಗೆ ದಾರ ಸುತ್ತಿಕೊಂಡು ಹೊರಟುಹೋದ.

ಮೂರನೆಯವನು ಗೇಟಿನ ಹೊರಗೇ ಕೈಕಟ್ಟಿ ನಿಂತಿದ್ದ. ಒಳಗೆ ಕರೆಯುವ ತನಕ ಬರಲಿಲ್ಲ. ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನೀನು ಕದಿರೇಶ ಅಲ್ವೇನೋ? ಮೂರನೇ ಬೆಂಚು, ಕಿಟಕಿ ಪಕ್ಕ?"

"ಹೌದು ಮೇಡಂ."

ಮೇಡಂ ಅವರಿಗೆ ಕಣ್ಣು ತುಂಬಿತು. ಇಡೀ ಶಾಲೆಯಲ್ಲಿ ಸದ್ದು ಮಾಡದ ಹುಡುಗ! ಬರೆ ಎಂದರೆ ಬರೆಯುತ್ತಿದ್ದ, ನಿಲ್ಲಿಸು ಎಂದರೆ ಪದದ ಮಧ್ಯೆಯೇ ನಿಲ್ಲಿಸುತ್ತಿದ್ದ. ಈಗ ಏಳು ಜನ ಆಳುಗಳಿರುವ ಮೇಸ್ತ್ರಿ. ಕೆಲಸವನ್ನು ಆಗಲೇ ಒಪ್ಪಿಸಿ, ಗೋಡೆಗಳನ್ನು ತೋರಿಸುತ್ತ ನಡೆದರು.

"ನೋಡು, ಆ ಎಲೆಕ್ಟ್ರಿಷಿಯನ್ ಅಮರನಾಥ್ ಅಂತ, ನಮ್ಮೆಜಮಾನ್ರ ಕಡೆಯೋನು, ಚಿನ್ನದಂಥ ಗೋಡೇನ ಇಲಿ ಕೊರೆದ ಹಾಗೆ ಕೊರೆದಿಟ್ಟಿದ್ದಾನೆ. ನಿನ್ನ ಕೆಲಸ ಮುಗಿದ ಮೇಲೆ ಈ ಮನೇಲಿ ಒಂದೇ ಒಂದು ತೂತು ಕಾಣಬಾರದು. ಗೋಡೆ ಕನ್ನಡಿ ಥರ ಇರ್ಬೇಕು. ನಿನ್ನ ಬುದ್ಧಿ ಉಪಯೋಗಿಸೋಕೆ ಹೋಗ್ಬೇಡ, ನಾನು ಹೇಳಿದಷ್ಟು ಮಾಡು."

"ಆಗ್ಲಿ ಮೇಡಂ."

ಹಿಂದೆ ಬರುತ್ತಿದ್ದ ಕೋದಂಡರಾಮಪ್ಪ, "ಅಲ್ಲ ಕಣೇ, ಆ ಬಾಕ್ಸುಗಳು..." ಎಂದರು.

"ನಿಮಗೂ ಸೇರಿಸೇ ಹೇಳಿದ್ದು. ಈ ವಿಷಯದಲ್ಲಿ ಯಾರೂ ಎದುರು ಮಾತಾಡೋ ಹಾಗಿಲ್ಲ."

(ಮೇಡಂ ಅವರನ್ನು ಪೂರ್ತಿ ದೂರುವಂತಿಲ್ಲ. ಹತ್ತೊಂಬತ್ತು ವರ್ಷದಿಂದ ಅವರಿದ್ದ ಬಾಡಿಗೆ ಮನೆಯಲ್ಲಿ ಸ್ವಿಚ್ಚುಗಳು ಗೋಡೆಯ ಮೇಲೆ ಮೊಳೆ ಹೊಡೆದ ಮರದ ಹಲಗೆಯಲ್ಲಿದ್ದವು. ಸುಣ್ಣಬಣ್ಣವೆಲ್ಲ ಮುಗಿದ ಮೇಲೆ ಅಂಥದ್ದೇ ಹಲಗೆ ತಂದು ಬಡಿಯುತ್ತಾರೆಂದು ಅವರು ನಂಬಿದ್ದರು. ಆದರೆ ನಂಬಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಮುಖ್ಯೋಪಾಧ್ಯಾಯಿನಿಯರಿಗೆ ಶೋಭಿಸುವ ಕೆಲಸವಲ್ಲ.)

ಕದಿರೇಶ ಮಾಡಿದ ಕೆಲಸ ನಿಜಕ್ಕೂ ಚೆಂದವಿತ್ತು. ಸಂಜೆ ಶಾಲೆಯಿಂದ ಬಂದು ಮೇಡಂ ಹಸಿ ಗಾರೆಯ ತಂಪು ವಾಸನೆಯಲ್ಲಿ ಒಬ್ಬರೇ ನಿಲ್ಲುತ್ತಿದ್ದರು. ಇಳಿಬಿಸಿಲು ಕಿಟಕಿಯಿಂದ ಬಂದು ಗೋಡೆಯುದ್ದಕ್ಕೂ ಎಲ್ಲೂ ಎಡವದೆ ಹರಿದು ಹೋಗುತ್ತಿತ್ತು. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಕದಿರೇಶ ದಿನಕ್ಕೆ ಮೂರು ಸಲ ತಾನೇ ನಿಂತು ನೀರು ಹೊಡೆಸುತ್ತಿದ್ದ. ಸಿಮೆಂಟು ಒಂದು ಬೊಗಸೆ ಆಚೆ ಈಚೆ ಆಗಲಿಲ್ಲ. "ನಂಬಿಕಸ್ಥರು ಸಿಗಲ್ಲ ಅಂತ ಅಳ್ತೀರಲ್ಲ," ಎಂದು ಮೇಡಂ ಸ್ಟಾಫ್ ರೂಮಿನಲ್ಲಿ ಹೇಳಿದರು, "ಸಿಗಲ್ಲ. ನಾವೇ ತಯಾರು ಮಾಡ್ಬೇಕು."

ಗೃಹಪ್ರವೇಶಕ್ಕೆ ಒಂಬತ್ತು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಅಮರನಾಥ್ ವೈರಿನ ಸುರುಳಿ ಹೆಗಲಿಗೇರಿಸಿಕೊಂಡು ಬಂದ. ನಡುಮನೆಯಲ್ಲಿ ಒಂದು ಸುತ್ತು ಹಾಕಿದ. ರೂಮಿಗೆ ಹೋಗಿ ಬಂದ. ಅಡುಗೆ ಮನೆಗೆ ಹೋಗಿ ಬಂದ. ಮತ್ತೆ ಹೊರಗೆ ಹೋಗಿ ಇದು ಅದೇ ಮನೆಯೇ ಎಂದು ನೋಡಿ ಬಂದ.

"ಮೇಡಂ, ನನ್ನ ಬಾಕ್ಸೆಲ್ಲಾ ಎಲ್ಲಿ?"

"ಯಾವ ಬಾಕ್ಸು?"

"ಸ್ವಿಚ್ಚಿನ ಬಾಕ್ಸು ಮೇಡಂ! ಗೋಡೆ ಒಳಗೆ ಮೂವತ್ತೆರಡು ಕೂರಿಸಿದ್ದೆ. ಅದರೊಳಗಿಂದಾನೇ ವೈರ್ ಎಳೀಬೇಕು. ಅಯ್ಯೋ, ನಲ್ಲಿ ಪೈಪಿನ ಬಾಯಿ ಎಲ್ಲಿ? ಅಡುಗೆ ಮನೆ ಫ್ಯಾನಿನ ಕಿಂಡಿ ಎಲ್ಲಿ? ಯಾವನ್ರೀ ಅವನು, ಸಮಾಧಿ ಕಟ್ಟಿದ ಹಾಗೆ ಕಟ್ಟವ್ನೆ!"

ಮೇಡಂ ಎದ್ದು ಗೋಡೆಯುದ್ದಕ್ಕೂ ಕೈಯಾಡಿಸಿ ತಡವಿದರು. ಮೂರು ತಾಲ್ಲೂಕಿನ ನೆಂಟರು ಬಂದು ಕತ್ತಲಲ್ಲಿ, ನೀರಿಲ್ಲದ ಮನೆಯಲ್ಲಿ, ಕನ್ನಡಿಯಂಥ ಗೋಡೆ ನೋಡಬೇಕೆ? ಕದಿರೇಶನಿಗೆ ಫೋನು ಹೋಯಿತು. ಕಾಲು ಗಂಟೆಯಲ್ಲಿ ಬಂದು ಕೈಕಟ್ಟಿ ನಿಂತ. ಅವನನ್ನು ಬೈಯಲು ಬಾಯಿ ತೆರೆದ ಮೇಡಂಗೆ, ತಾವೇ ಹೇಳಿದ ಮಾತು ಅಕ್ಷರ ತಪ್ಪದೆ ನೆನಪಾಗಿ ಬಾಯಿ ಮುಚ್ಚಿತು. ಆದರೆ ಸೋಲೊಪ್ಪುವುದುಂಟೆ? ಬ್ಯಾಗಿನಿಂದ ಸೀಮೆಸುಣ್ಣ ತೆಗೆದರು.

"ಸ್ವಿಚ್ಚು ಸಾಮಾನ್ಯವಾಗಿ ಬಾಗಿಲ ಪಕ್ಕ ಇರುತ್ತೆ. ಅಮರನಾಥ್, ನಾನು ಗುರುತು ಹಾಕಿದ ಕಡೆ ಒಡಿ."

"ಮೇಡಂ, ಎರಡು ತಿಂಗಳ ಹಿಂದಿನ ಮಾತು, ಹತ್ತು ಮನೆ ಕೆಲಸ ಮಾಡಿವ್ನಿ, ನನಗೂ ಅಂದಾಜು..."

"ಒಡಿ ಅಂದೆ."

ಬಾಗಿಲ ಎಡಕ್ಕೆ ಒಂದು ಗುಣಾಕಾರದ ಚಿಹ್ನೆ. ಟಪ್ ಟಪ್. ಇಟ್ಟಿಗೆ. ಬಲಕ್ಕೆ ಒಂದು. ಇಟ್ಟಿಗೆ. ಸ್ವಲ್ಪ ಮೇಲೆ. ಅದೂ ಇಟ್ಟಿಗೆ, ಜೊತೆಗೆ ಒಂದು ಹಿಡಿ ಧೂಳು ಮೇಡಂ ಅವರ ತಲೆಯ ಮೇಲೆ. ಕೋದಂಡರಾಮಪ್ಪ ಒಮ್ಮೆ ಕೆಮ್ಮಿದರು. "ನೀವು ಸುಮ್ನಿರಿ" ಎಂದರು ಮೇಡಂ. ಹನ್ನೊಂದು ಕಡೆ ಒಡೆದಾಗ ಸಿಕ್ಕಿದ್ದು ಒಂದೇ: ಬಚ್ಚಲಿನ ಪೈಪು, ಅದೂ ತೂತಾಗಿ. ಇಳಿಬಿಸಿಲು ಎಡವದೆ ಹರಿಯುತ್ತಿದ್ದ ಗೋಡೆ ಈಗ ಕೋತಿ ಕಚ್ಚಿದ ಸೀಬೆ ಹಣ್ಣಿನಂತಿತ್ತು. ಕದಿರೇಶ ಮೂಲೆಯಲ್ಲಿ ಕೈಕಟ್ಟಿ ನಿಂತು, ತಾನು ಕರಣೆ ಆಡಿಸಿದ ಒಂದೊಂದೇ ಚಕ್ಕೆ ಬೀಳುವುದನ್ನು ನೋಡುತ್ತಿದ್ದ. ಪ್ರತಿ ಪೆಟ್ಟಿಗೂ ಕಣ್ಣು ಮುಚ್ಚುತ್ತಿದ್ದ.

ಮೇಡಂ ಸಿಮೆಂಟು ಚೀಲದ ಮೇಲೆ ಕುಸಿದು ಕೂತರು.

"ಕದಿರೇಶಾ, ಬಾಕ್ಸು ಎಲ್ಲೆಲ್ಲಿದೆ ಅಂತ ನಿನಗೇನಾದ್ರೂ ಗೊತ್ತೇನೋ?"

"ಗೊತ್ತು ಮೇಡಂ."

ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ಹೊರಬಂತು. ಗೆರೆ ಹಾಕಿ ಬರೆದ ಮನೆಯ ನಕ್ಷೆ. ಮೂವತ್ತೆರಡು ಬಾಕ್ಸು, ಆರು ನಲ್ಲಿ, ಒಂದು ಕಿಂಡಿ. ನೆಲದಿಂದ ಎಷ್ಟು ಇಂಚು, ಮೂಲೆಯಿಂದ ಎಷ್ಟು ಇಂಚು. ಅಕ್ಷರ ಮುತ್ತು ಪೋಣಿಸಿದಂತೆ ಗುಂಡಗಿತ್ತು, ಮೇಡಂ ತಿದ್ದಿಸಿದ ಅಕ್ಷರವೇ.

"ಇದನ್ನ ಮೊದ್ಲೇ ಯಾಕೆ ಕೊಡ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಡಂ. ಯಾವತ್ತಾದ್ರೂ ಕೇಳಿದ್ರೆ ಇರಲಿ ಅಂತ ಬರೆದಿಟ್ಕೊಂಡಿದ್ದೆ."

"ಮುಚ್ಚೋ ಮುಂಚೆ ನೀನಾದ್ರೂ ಒಂದು ಮಾತು ಕೇಳಬಾರದಿತ್ತೇನೋ!"

ಕದಿರೇಶ ತಲೆ ತಗ್ಗಿಸಿದ. ಸಿಟ್ಟಿನಿಂದಲ್ಲ, ಪಾಠ ಒಪ್ಪಿಸುವ ಭಕ್ತಿಯಿಂದ ಹೇಳಿದ.

"ಏಳನೇ ಕ್ಲಾಸಲ್ಲಿ ಒಂದ್ಸಲ ಕೇಳಿದ್ದೆ ಮೇಡಂ, ಚಂದ್ರ ಹಗಲಲ್ಲೂ ಯಾಕೆ ಕಾಣ್ತಾನೆ ಅಂತ. ಸಂಜೆ ಬೆಲ್ಲು ಹೊಡೆಯೋ ತನಕ ಬೆಂಚಿನ ಮೇಲೆ ನಿಲ್ಲಿಸಿದ್ರಿ. ಆಮೇಲೆ ನಾನು ಯಾರನ್ನೂ ಏನೂ ಕೇಳಿಲ್ಲ."

ಅಮರನಾಥ್ ಗೋಡೆಯ ಕಡೆ ತಿರುಗಿ ಸುತ್ತಿಗೆಯನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದ. ಮೇಡಂ ಅವರಿಗೆ ಸಿಟ್ಟು ತೋರಿಸಲು ಇನ್ನು ಉಳಿದವರು ಒಬ್ಬರೇ. ಧೂಳು ಮೆತ್ತಿದ ಮುಖವನ್ನು ಗಂಡನ ಕಡೆ ಹೊರಳಿಸಿದರು.

"ರೀ, ಇಂಥ ಒಂದು ಚೀಟಿ ಇದೆ ಅಂತ ನಿಮಗೂ ಗೊತ್ತಿತ್ತಾ?"

ಕೋದಂಡರಾಮಪ್ಪ ಈ ಸಲ ಕೆಮ್ಮಲಿಲ್ಲ.

"ಅಳತೆ ಟೇಪಿನ ಇನ್ನೊಂದು ತುದಿ ಹಿಡ್ಕೊಂಡಿದ್ದೇ ನಾನು ಕಣೇ."