ಮುಗ್ಗರಿಸುವ ರೈಲು

ನನ್ನ ಮಾವನವರ ಮೇಲೆ ನನಗಿರುವ ದೂರು ಒಂದೇ. ಅವರು ರೈಲು ಓಡಿಸುತ್ತಾರೆ. ನಿವೃತ್ತರಾದ ಮೇಲೂ ಓಡಿಸುತ್ತಾರೆ, ಅದೂ ನಮ್ಮ ಊಟದ ಮೇಜಿನ ಮೇಲೆ. ಅವರ ಮಗ, ಅಂದರೆ ನಮ್ಮವರು, ತಂದುಕೊಟ್ಟ ಕಂಪ್ಯೂಟರ್ ಆಟ ಅದು; ಹಳಿ, ಸಿಗ್ನಲ್ಲು, ಎಂಜಿನ್ನು ಎಲ್ಲ ಥೇಟ್ ನಿಜದ ಹಾಗೆಯೇ. ಮಾವನವರು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಈ ಪುರಾಣ ಬಿಚ್ಚುತ್ತಿರಲಿಲ್ಲ. ಆದರೆ ಆ ಆಟಕ್ಕೆ ಕಂಡಕಂಡವರೆಲ್ಲ ಮನೆಯಲ್ಲಿ ಕೂತು ಹೊಲಿದುಕೊಡುವ ತೇಪೆಗಳಿವೆಯಂತೆ. ಅವಕ್ಕೆ ‘ಮಾಡ್’ ಎನ್ನುತ್ತಾರೆ. ಒಂದು ಮಾಡ್ ಹಾಕಿದರೆ ಮೋಡ ಬರುತ್ತದೆ, ಇನ್ನೊಂದು ಹಾಕಿದರೆ ಮಳೆ ಬರುತ್ತದೆ. ಮಾವನವರು ಸಿಕ್ಕಿದ್ದನ್ನೆಲ್ಲ ಹಾಕಿಕೊಂಡರು. ತಂತಿಯ ಮೇಲೆ ಕಾಗೆ, ಗೇಟಿನಲ್ಲಿ ಸೈಕಲ್ಲು, ಕಿಟಕಿಗಳಲ್ಲಿ ಆಕಳಿಸುವ ಪ್ರಯಾಣಿಕರು! ಪಾಪದ ಕಂಪ್ಯೂಟರ್ ಈ ಬ್ರಹ್ಮಾಂಡವನ್ನು ಹೊತ್ತು ಏದುಸಿರು ಬಿಡುತ್ತಿತ್ತು. ರೈಲು ನಾಲ್ಕು ಮಾರು ಓಡಿ ಕಲ್ಲಾಗುತ್ತಿತ್ತು. ಅದು ಕಲ್ಲಾದಾಗಲೆಲ್ಲ ಮಾವನವರು ಮನೆಯ ಹೆಂಚು ಹಾರುವಂತೆ ಕೂಗುತ್ತಿದ್ದರು.

"ಅಯ್ಯೋ, ಮತ್ತೆ ನಿಂತ್ಕೊಳ್ತಲ್ಲ! ಹೋಗೋ! ಮುಂದೆ ಹೋಗೋ ನನ್ನಪ್ಪಾ!"

ನನ್ನ ಕಸುಬು ಶಾಲಾಮಕ್ಕಳ ಪಾಠಗಳನ್ನು ಓದಿ, ಧ್ವನಿಮುದ್ರಿಸಿ ಕಳಿಸುವುದು. ಪಕ್ಕದ ಕೋಣೆಯಲ್ಲಿ ಬಟ್ಟೆ ಬೀರುವಿನ ಬಾಗಿಲು ತೆರೆದಿಟ್ಟು, ತಲೆಯ ಮೇಲೆ ರಗ್ಗು ಹೊದ್ದು, ಮೈಕಿನ ಮುಂದೆ ಕೂರುತ್ತೇನೆ. (ಸದ್ದು ಪ್ರತಿಧ್ವನಿಸಬಾರದಲ್ಲ. ಬೆವರಿನ ವಿಚಾರ ಕೇಳಬೇಡಿ.) ಅಂದು ಜೀರ್ಣಾಂಗಗಳ ಪಾಠ ಸಂಜೆಯೊಳಗೆ ಹೋಗಲೇಬೇಕಿತ್ತು, ಇಲ್ಲದಿದ್ದರೆ ಉಳಿದ ಪಾಠಗಳನ್ನು ಬೇರೆ ದನಿಗೆ ಕೊಡುವುದಾಗಿ ಸಂಪಾದಕಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ನಾನು "ನಾವು ತಿಂದ ಆಹಾರವು ಅನ್ನನಾಳದ ಮೂಲಕ" ಎನ್ನುವಷ್ಟರಲ್ಲಿ ಗೋಡೆಯಾಚೆಯಿಂದ "ಮುಂದೆ ಹೋಗೋ ನನ್ನಪ್ಪಾ" ಎಂದು ಕೇಳಿಸಿದರೆ ಮಕ್ಕಳು ಏನೆಂದು ತಿಳಿಯಬೇಕು?

ಮೂರನೆಯ ಸಲವೂ ಹಾಗೇ ಆದಾಗ ರಗ್ಗು ಕಿತ್ತೆಸೆದು ಹೊರಗೆ ಬಂದೆ. ನಮ್ಮವರು ಸೋಫಾದ ಮೇಲೆ ಪೇಪರು ಹರಡಿಕೊಂಡಿದ್ದರು.

"ಕಂಪ್ಯೂಟರ್ ಬಿಸಿಯಾಗಿದೆ ಕಣೇ. ಟೇಬಲ್ ಫ್ಯಾನ್ ಇಡು," ಎಂದರು, ತಾವು ಅಲುಗಾಡದೆ.

ಇಟ್ಟೆ. ಕಂಪ್ಯೂಟರ್ ತಣ್ಣಗಾಗಲಿಲ್ಲ, ಪೇಪರು ಮಾತ್ರ ಹಾರಿಹೋಗಿ ನಮ್ಮವರು ಮೊದಲ ಬಾರಿಗೆ ಎದ್ದರು. ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಒಂದು ದಿಂಬಿಗಾಗುವಷ್ಟು ಧೂಳು. ಅದನ್ನು ಬ್ರಷ್ಷಿನಿಂದ ಗುಡಿಸಿ, ಮನೆಮಂದಿಯೆಲ್ಲ ಸರದಿಯಂತೆ ಸೀನಿ ಮುಗಿಸಿದೆವು. ರೈಲು ಆಗಲೂ ಮುಗ್ಗರಿಸಿತು. ಗಡಿಯಾರ ನೋಡಿದರೆ ಸಂಜೆಗೆ ಹೆಚ್ಚು ಹೊತ್ತಿರಲಿಲ್ಲ. ಇನ್ನುಳಿದಿದ್ದು ಮಾಡ್‌ಗಳ ಸಂಹಾರ ಒಂದೇ.

"ಮಾವ, ಮೋಡ ತೆಗೆಯೋಣ."

"ಮೋಡ ಇಲ್ಲದೆ ಮಳೆ ಎಲ್ಲಿಂದ ಬರತ್ತಮ್ಮ?"

"ಮಳೆನೂ ತೆಗೆಯೋಣ."

"ಮಳೆ ಇಲ್ಲದಿದ್ರೆ ಗಾಜು ಒರೆಸೋ ಕಡ್ಡಿ ಯಾಕೆ ಹಾಕಿದೀನಿ?"

"ಕಡ್ಡಿನೂ ತೆಗೆಯೋಣ!"

"ಹಳಿ ಒಂದಾದ್ರೂ ಉಳಿಸ್ತೀಯೇನಮ್ಮ?"

ಕಾಗೆಗಳ ವಿಷಯದಲ್ಲಿ ತರಕಾರಿ ಅಂಗಡಿಯನ್ನು ಮೀರಿಸುವ ಚೌಕಾಸಿ ನಡೆದು, ಕೊನೆಗೆ ಒಂದೇ ಒಂದು ಕಾಗೆ ಉಳಿಯಿತು. "ಪಾಪ, ಅದು ಒಂಟಿಯಾಗತ್ತಲ್ಲೇ" ಎಂದು ಸೋಫಾದಿಂದ ಸಂತಾಪ ಬಂತು. ನಾನು ಗುರಾಯಿಸಿದೆ. ಸಂತಾಪ ನಿಂತಿತು.

ಇಷ್ಟಾದರೂ ರೈಲು ಮುಗ್ಗರಿಸುತ್ತಲೇ ಇತ್ತು. ಉಳಿದ ಮಾಡ್‌ಗಳಲ್ಲಿ ಅರ್ಧ ತೆಗೆದು ಓಡಿಸಿ ನೋಡುವುದು, ಸರಿಹೋದರೆ ಕಳ್ಳ ಆ ಅರ್ಧದಲ್ಲೇ ಇದ್ದಾನೆಂದು ಅದನ್ನು ಮತ್ತೆ ಅರ್ಧ ಮಾಡುವುದು, ಹೀಗೆ ಜರಡಿ ಹಿಡಿಯುತ್ತಾ ಹೋದೆ. ಕೊನೆಗೆ ಸಿಕ್ಕಿಬಿದ್ದವರು ಪ್ರಯಾಣಿಕರು! ಒಬ್ಬೊಬ್ಬರಿಗೂ ರೆಪ್ಪೆ, ಹುಬ್ಬು, ಅಂಗಿಯ ಗುಂಡಿ ಸಮೇತ ಕಂಪ್ಯೂಟರ್ ಲೆಕ್ಕ ಹಾಕಬೇಕಿತ್ತು.

"ಇವರನ್ನ ಇಳಿಸಿಬಿಡೋಣ ಮಾವ."

ಮಾವನವರು ಮೌಸಿನ ಮೇಲಿಂದ ಕೈ ತೆಗೆದರು. "ನನ್ನ ಸರ್ವೀಸೆಲ್ಲ ಸರಕು ಗಾಡೀಲೇ ಹೋಯ್ತಮ್ಮ. ಕಲ್ಲಿದ್ದಲು, ಸಿಮೆಂಟು, ಸಿಮೆಂಟು, ಕಲ್ಲಿದ್ದಲು. ಒಂದು ದಿನಾನೂ ಒಬ್ಬ ಮನುಷ್ಯನೂ ನನ್ನ ಗಾಡಿ ಹತ್ತಲಿಲ್ಲ. ಇವರನ್ನ ಮಾತ್ರ ಇಳಿಸ್ಬೇಡ."

ನನ್ನ ಸಿಟ್ಟು ಜರ್ರನೆ ಇಳಿಯಿತು. ನನಗೆ ನಾಚಿಕೆಯೂ ಆಯಿತು. ಹುಡುಕಿ ಹುಡುಕಿ, ಅದೇ ಪ್ರಯಾಣಿಕರ ಹಗುರವಾದ ಮಾಡ್ ಒಂದನ್ನು ತಂದು ಕೂರಿಸಿದೆ. ಮಾವನವರು ಕನ್ನಡಕ ಏರಿಸಿ ಡಬ್ಬಿಯಿಂದ ಡಬ್ಬಿಗೆ ತಪಾಸಣೆ ನಡೆಸಿದರು.

"ಇವರಿಗೆ ಮೂಗೇ ಇಲ್ಲ."

"ಓಡೋ ಗಾಡೀಲಿ ಮೂಗು ಯಾರಿಗೆ ಕಾಣತ್ತೆ ಮಾವ?"

"ನನ್ನ ಗಾಡಿ ನಿಲ್ಲತ್ತಮ್ಮ. ನಿಂತಾಗ ಕಾಣತ್ತೆ."

ಅಂತೂ ಮೂಗಿಲ್ಲದವರನ್ನು ಹೊತ್ತ ರೈಲು ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ಹೊರಟಿತು. ಕೂಗಿಲ್ಲ, ಗದ್ದಲವಿಲ್ಲ. ನಾನು ಓಡಿಹೋಗಿ ರಗ್ಗಿನೊಳಗೆ ನುಗ್ಗಿದೆ. "ನಾವು ತಿಂದ ಆಹಾರವು..." ಆಹಾ, ಎಂಥ ನಿಶ್ಶಬ್ದ! ಅಷ್ಟರಲ್ಲಿ ರಗ್ಗಿನ ಒಂದು ತುದಿ ಎದ್ದಿತು. ಮಾವನವರು ಪಕ್ಕದಲ್ಲೇ ಬಂದು ಕೂತರು.

"ಗಾಡಿ ಸರಿಯಾದ ಸಮಯಕ್ಕೆ ಮುಟ್ಟಿತಮ್ಮ. ಮೊದಲೆಲ್ಲ ಈ ದಾರಿಗೆ ಇಡೀ ದಿನ ಬೇಕಿತ್ತು. ಈಗ ಕೈ ಖಾಲಿ. ನೀನು ಓದು, ಕೇಳ್ತೀನಿ."

ಕಿಟಕಿಯಾಚೆ ಬಿಸಿಲು ಕೆಂಪಾಗುತ್ತಿತ್ತು. ವಾದಿಸಲು ಪುರುಸೊತ್ತಿಲ್ಲದೆ ಓದಿದೆ.

"ಅನ್ನನಾಳ ಆಯ್ತು. ಮುಂದಿನ ಸ್ಟೇಷನ್ ಯಾವುದು?"

"ಜಠರ. ಶ್, ಮಾವ!"

"ಅಲ್ಲಿ ಎಷ್ಟು ಹೊತ್ತು ನಿಲ್ಲತ್ತೆ?"

"ಮೂರು ನಾಲ್ಕು ಗಂಟೆ."

"ಮೂರು ಗಂಟೇನಾ! ಯಾರಮ್ಮ ಅಲ್ಲಿ ಸ್ಟೇಷನ್ ಮಾಸ್ಟರು?"

ಸಣ್ಣ ಕರುಳು ದಾಟುವಷ್ಟರಲ್ಲಿ ನಾನು ಸುಸ್ತು. ಅಷ್ಟು ಉದ್ದ ಇರುವುದಕ್ಕೆ ಸಣ್ಣದೆಂದು ಯಾರು ಹೆಸರಿಟ್ಟರೆಂಬ ವಿಚಾರಣೆ ಬೇರೆ. ಮತ್ತೆ ಧ್ವನಿಮುದ್ರಿಸಲು ಹೊತ್ತಿರಲಿಲ್ಲ. ಕೆಲಸ ಹೋಯಿತೆಂದುಕೊಂಡೇ ಇದ್ದದ್ದನ್ನು ಇದ್ದ ಹಾಗೆ ಕಳಿಸಿದೆ.

ಬೆಳಿಗ್ಗೆ ಸಂಪಾದಕಿಯ ಫೋನು ಬಂತು.

"ಆ ಹಿರಿಯರು ಯಾರ್ರೀ? ಆಫೀಸಲ್ಲಿ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಉಳಿದ ಪಾಠಗಳನ್ನೆಲ್ಲ ಅವರೇ ಓದಲಿ."

"ಮತ್ತೆ ನಾನು?"

"ನೀವು ಮನೇಲಿ ಸದ್ದಾಗದ ಹಾಗೆ ನೋಡ್ಕೊಳ್ಳಿ."

ಈಗ ರಗ್ಗು, ಮೈಕು, ಕೋಣೆ ಮೂರೂ ಮಾವನವರದು. ಪ್ರಯಾಣಿಕರನ್ನು ಕಾಯಿಸಬಾರದೆಂದು ಅವರು ಗಾಡಿಯನ್ನು ನನಗೆ ವಹಿಸಿದ್ದಾರೆ. ನಿನ್ನೆ ಕಂಪ್ಯೂಟರ್ ಎಷ್ಟು ಚುರುಕಾಗಿತ್ತೆಂದರೆ, ನಾನು ಬ್ರೇಕು ಒತ್ತುವ ಮೊದಲೇ ಪ್ಲಾಟ್‌ಫಾರ್ಮು ಹಿಂದಕ್ಕೆ ಹೋಗಿಬಿಟ್ಟಿತು. ನಾನು ಗಾಬರಿಯಿಂದ ಕಿಟಾರನೆ ಕಿರುಚಿದೆ.

ಕೋಣೆಯ ಬಾಗಿಲು ತೆರೆಯಿತು. ತಲೆಯ ಮೇಲೆ ರಗ್ಗು ಹೊದ್ದ ಮಾವನವರು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಸ್ವಲ್ಪ ಮೆಲ್ಲಗಮ್ಮ. ನಾನೀಗ ಮೂತ್ರಪಿಂಡದಲ್ಲಿದೀನಿ."