ಗೌಡರ ಅಟ್ಟಣೆಯೂ ನನ್ನ ಬ್ಯಾಟರಿ ವಿಮಾನವೂ

ಐವತ್ತು ದಾಟಿದ ಗಂಡಸಿಗೆ ಚಟವಿದ್ದರೆ ಅದು ಹೇಳಿಕೊಳ್ಳುವಂಥ ಚಟವಾಗಿರಬೇಕು. ಕುಡಿಯುತ್ತೇನೆ ಎಂದರೆ ನಾಲ್ಕು ಜನ ಅಯ್ಯೋ ಪಾಪ ಅನ್ನುತ್ತಾರೆ. ಇಸ್ಪೀಟು ಎಂದರೆ ಅದೇ ನಾಲ್ಕು ಜನ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ. ರಿಮೋಟ್ ಹಿಡಿದು ಪುಟ್ಟ ವಿಮಾನ ಹಾರಿಸುತ್ತೇನೆ ಎಂದರೆ ಮಾತ್ರ, “ಮೊಮ್ಮಗನಿಗಾ?” ಎಂದು ಕೇಳುತ್ತಾರೆ. ನನಗೆ ಮೊಮ್ಮಗನಿಲ್ಲ. ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಎರಡು ಬೆಂಚು ಮಲಗಿರುತ್ತವೆ. ಅದಕ್ಕೇ ಭಾನುವಾರ ಬಂದರೆ ಅದೇ ಪಾಠವನ್ನು ಆಕಾಶದಲ್ಲಿ ಮಾಡುತ್ತೇನೆ.

ಇದಕ್ಕೆ ಮುಖ್ಯವಾಗಿ ಬೇಕಾದದ್ದು ನೆಲ. ಹುಣಸೂರಿನ ಮೈದಾನದಲ್ಲಿ ಕ್ರಿಕೆಟ್ಟಿನವರು ಬ್ಯಾಟು ಎತ್ತಿಕೊಂಡೇ ಮಾತಾಡುತ್ತಾರೆ. ಪಿರಿಯಾಪಟ್ಟಣದ ಕಡೆ ಹೋದರೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ ಮನೆ, ಕರೆಂಟು ತಂತಿ. ಎಚ್.ಡಿ. ಕೋಟೆಯ ಕಡೆ ಕಾಡಿನಂಚು, ಅಲ್ಲಿ ಹಾರಿಸುವ ಮಾತೇ ಬೇಡ. ಕೊನೆಗೆ ಕೆ.ಆರ್. ನಗರ ದಾಟಿ ಸಾಲಿಗ್ರಾಮದ ದಾರಿಯಲ್ಲಿ ಸಿಂಗ್ರಿಗೌಡರ ಜಮೀನು ಸಿಕ್ಕಿತು. ಸುತ್ತ ಭತ್ತದ ಗದ್ದೆ, ನಡುವೆ ನಾಲೆ ನೀರು ಹತ್ತದ ಒಂದು ಪಟ್ಟಿ ಗಟ್ಟಿ ನೆಲ. “ನಮ್ಮದೇ ನೆಲ ಕಣ್ ಸಾರ್, ಬಂದು ಆರ್ಸ್ಕೊಳಿ” ಎಂದರು ಗೌಡರು. ಅಷ್ಟೇ ಅಲ್ಲ, ನಾನು ಹಾರಿಸುವಾಗ ಗದ್ದೆಯ ಅಂಚಿನ ಅಟ್ಟಣೆ ಹತ್ತಿ ಕೂತು, ವಿಮಾನ ಇಳಿಯುವವರೆಗೂ ಕದಲದೆ ನೋಡುತ್ತಿದ್ದರು. ನನ್ನ ಹಾರಾಟಕ್ಕೆ ಜಗತ್ತಿನಲ್ಲಿದ್ದ ಏಕೈಕ ಪ್ರೇಕ್ಷಕರು ಅವರು. ಅವರ ಕಣ್ಣಿಗೆ ಬೀಳಲೆಂದೇ ನಾನು ತಲೆಕೆಳಗಾಗಿ ಹಾರಿಸುವುದನ್ನು ಕಲಿತೆ.

ಆಗ ನನ್ನಲ್ಲಿದ್ದದ್ದು ಎಂಜಿನ್ ವಿಮಾನ. ಹೆಬ್ಬೆರಳಿನಷ್ಟು ಎಂಜಿನ್ನು, ಕೂಗು ಮಾತ್ರ ಮರ ಕೊಯ್ಯುವ ಯಂತ್ರದ್ದು. ಅದಕ್ಕೆ ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ. ಆ ಎಣ್ಣೆ ಹೊಗೆಯ ಜೊತೆ ಹೊರಬಂದು ವಿಮಾನಕ್ಕೆ, ಅಂಗಿಗೆ, ಸ್ಕೂಟರಿಗೆ, ಕೊನೆಗೆ ಮನೆಯ ದಿಂಬಿಗೆ ಮೆತ್ತಿಕೊಳ್ಳುತ್ತಿತ್ತು. “ಬಂದವರೆಲ್ಲ ಮನೇಲಿ ಯಾರು ಬಾಣಂತಿ ಅಂತ ಕೇಳ್ತಾರೆ ಕಣ್ರೀ” ಎಂದು ನನ್ನ ಹೆಂಡತಿ ಸುಮಿತ್ರ ಪ್ರತಿ ಭಾನುವಾರ ಸಂಜೆ ಹೇಳುತ್ತಿದ್ದಳು. ಚಳಿಯ ಬೆಳಗ್ಗೆ ಎಂಜಿನ್ನಿನ ಫ್ಯಾನು ತಿರುವಿ ತಿರುವಿ ನನ್ನ ತೋರುಬೆರಳಿನ ಆಕಾರವೇ ಬದಲಾಗಿದೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ನಾನು ಒಬ್ಬನನ್ನು ತೋರಿಸಿದರೆ ಪಕ್ಕದವನು ಎದ್ದು ನಿಲ್ಲುತ್ತಾನೆ.

ಹೋದ ವರ್ಷ ಆ ವಿಮಾನ ಗೌಡರ ತೆಂಗಿನ ಮರಕ್ಕೆ ಬಡಿದು ಚಿಂದಿಯಾಯಿತು. ಗೌಡರು ಅಟ್ಟಣೆಯಿಂದ ಇಳಿದು ಓಡಿಬಂದರು. “ಎಂಜಿನ್ ಚೆಂದಾಗೈತಾ ಸಾರ್?” ಎಂದು ಕೇಳಿದ ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಉಳಿದ ಎಂಜಿನ್ನಿಗೆ ಹೊಸ ಮೈ ಕಟ್ಟುವುದೋ, ಇಲ್ಲ ಬ್ಯಾಟರಿ ವಿಮಾನ ಕೊಳ್ಳುವುದೋ ಎಂದು ಎರಡು ತಿಂಗಳು ಯೋಚಿಸಿದೆ. ಬ್ಯಾಟರಿಯದು ಎಂಟೇ ನಿಮಿಷದ ಆಟ. ಒಂದು ದಿನ ಮರೆತು ಜಾಸ್ತಿ ಚಾರ್ಜ್ ಮಾಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಆದರೆ ಎಣ್ಣೆಯಿಲ್ಲ, ಹೊಗೆಯಿಲ್ಲ, ಬೆರಳಿಗೆ ಪೆಟ್ಟಿಲ್ಲ, ಮುಖ್ಯವಾಗಿ ಸದ್ದಿಲ್ಲ. ನಿಜ ಹೇಳುತ್ತೇನೆ, ತಕ್ಕಡಿ ಬ್ಯಾಟರಿಯ ಕಡೆ ವಾಲಿದ್ದು ಗೌಡರ ಮುಖ ನೋಡಿ. ವಯಸ್ಸಾದ ಜೀವ, ನಾಲ್ಕು ವರ್ಷದಿಂದ ಆ ಕರ್ಕಶವನ್ನು ಸಹಿಸಿಕೊಂಡು ನನ್ನ ಕಲೆ ನೋಡುತ್ತಿದೆ, ಅವರ ಕಿವಿಗೆ ಇನ್ನಾದರೂ ಸುಖ ಸಿಗಲಿ ಎಂದುಕೊಂಡೆ. ನನ್ನ ಒಳ್ಳೆಯತನಕ್ಕೆ ನಾನೇ ಕರಗಿಹೋದೆ.

ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಸ ವಿಮಾನ ಹೊತ್ತುಕೊಂಡು ಹೋದೆ. ಗೌಡರು ಆಗಲೇ ಅಟ್ಟಣೆ ಏರಿದ್ದರು. ವಿಮಾನ ಎದ್ದಿತು, ಗಾಳಿಯಲ್ಲಿ ಎಲೆ ತೇಲಿದಷ್ಟು ಮೆತ್ತಗೆ. ನಾನು ಸುತ್ತು ಹೊಡೆಸಿದೆ, ತಲೆಕೆಳಗೆ ಮಾಡಿದೆ, ಗದ್ದೆಯ ಮೇಲೆ ಮೊಳದೆತ್ತರದಲ್ಲಿ ಓಡಿಸಿದೆ. ಕೆಳಗೆ ಭತ್ತದ ಮೇಲೆ ಕೂತಿದ್ದ ಗಿಳಿಯ ಹಿಂಡು ಕತ್ತು ಓರೆ ಮಾಡಿ ಒಮ್ಮೆ ನೋಡಿ, ಮತ್ತೆ ತೆನೆಗೆ ಬಾಯಿ ಹಾಕಿತು.

“ಸದ್ದೇ ಬರ್ನಿಲ್ವಲ್ಲ ಸಾರ್, ಕೆಟ್ಟೋಯ್ತಾ?” ಎಂದು ಗೌಡರು ಕೂಗಿದರು.

“ಇದು ಬ್ಯಾಟರಿ ಗೌಡ್ರೇ, ಸದ್ದೇ ಮಾಡಲ್ಲ!” ಎಂದೆ, ಮದುವೆ ಮನೆಯಲ್ಲಿ ಉಡುಗೊರೆ ಕೊಡುವವನ ಸಂಭ್ರಮದಲ್ಲಿ.

ಗೌಡರು ಕೆಳಗಿಳಿದು ಬಂದರು. ಕೈಯಲ್ಲಿ ಕವಣೆ, ಸೊಂಟದಲ್ಲಿ ಕಲ್ಲಿನ ಚೀಲ. ನಾಲ್ಕು ವರ್ಷದಲ್ಲಿ ಅವೆರಡನ್ನೂ ನಾನು ಒಮ್ಮೆಯೂ ಗಮನಿಸಿರಲಿಲ್ಲ. “ಸದ್ದು ಮಾಡ್ದೆ ಇದ್ರೆ ಅದ್ಯಾವ ಇಮಾನ ಸಾರ್? ಎಂಜಿನ್ ಕೂಗುದ್ರೆ ಮೂರು ಅಳ್ಳಿ ಗಿಣಿ ಎದ್ದೋಗವು. ನಾನು ಕವಣೆ ಬೀಸೋದೇ ಬುಟ್ಟಿದ್ದೆ. ಈಗ ನೋಡಿ, ಇದ್ರ ಜೊತೇಲೇ ಕೂತ್ಕಂಡು ತಿಂತಾವೆ” ಎಂದರು. ಆಮೇಲೆ ನಾನು ಹಾರಿಸುವ ಗಟ್ಟಿ ನೆಲದ ಕಡೆ ನೋಡುತ್ತ, “ಸುಮ್ನೆ ಯಾಕೆ ಬುಡೋದು, ಬರೋ ವಾರ ಇದುನ್ನೂ ಉತ್ತು ಉಳ್ಳಿಕಾಳು ಚೆಲ್ಬುಡ್ತೀನಿ” ಎಂದರು.

ಹಿಂದೆಲ್ಲ ಗೌಡರು ಭತ್ತಕ್ಕೆ ಹಾಲು ಕಟ್ಟುವಾಗ “ದಿನಾ ಬನ್ನಿ ಸಾರ್” ಎಂದು ಫೋನ್ ಮಾಡುತ್ತಿದ್ದವರು, ಕುಯ್ಲಾದ ಮೇಲೆ ನಾನು ಬಂದಿದ್ದೇನೋ ಇಲ್ಲವೋ ಎಂದೂ ಕೇಳುತ್ತಿರಲಿಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಹೇಳಿಕೊಟ್ಟವನು ನಾನು. ಹಕ್ಕಿ ಕಾಯುವ ಅಟ್ಟಣೆಯನ್ನು ಗ್ಯಾಲರಿ ಎಂದುಕೊಂಡಿದ್ದೆ. ಗೌಡರ ಮೇಲೆ ಕೋಪ ಬಂತು. ಅವರು ಒಂದು ದಿನವೂ ನನ್ನನ್ನು ಹೊಗಳಿರಲಿಲ್ಲ ಎಂದು ನೆನಪಾದಾಗ ಆ ಕೋಪಕ್ಕೂ ನೆಲೆಯಿಲ್ಲದಂತಾಯಿತು. ಬಹಳ ಅವಮಾನವಾಯಿತು, ನೆಲ ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಅವರು ನೋಡುತ್ತಿದ್ದದ್ದು ನನ್ನ ಆಟವನ್ನಲ್ಲ ಎಂಬುದಕ್ಕೆ.

ಆದರೂ ನೆಲ ಬೇಕಲ್ಲ. ಎಂಜಿನ್ನಿಗೆ ಹೊಸ ಮೈ ಕಟ್ಟುತ್ತೇನೆ, ಎರಡು ತಿಂಗಳು ಟೈಮು ಕೊಡಿ ಎಂದೆ. “ಅಷ್ಟೊತ್ತಿಗೆ ಗಿಣಿ ಕುಯ್ಲು ಮುಗ್ಸಿರ್ತವೆ” ಎಂದ ಗೌಡರು ಸ್ವಲ್ಪ ಯೋಚಿಸಿ, “ಆರ್ಲೇಬೇಕು ಅಂತ ಏನಿಲ್ಲ ಕಣ್ ಸಾರ್. ಎಂಜಿನ್ನ ತಂದು ಅಟ್ಟಣೆ ಕಂಬಕ್ಕೆ ಬಿಗುದ್ಬುಡಿ. ಅದು ಕೂಗ್ತಿರ್ಲಿ, ನೀವು ಇದುನ್ನ ಆರ್ಸ್ಕೊಳಿ” ಎಂದರು.

ಹೀಗೆ ಎಂಜಿನ್ನೋ ಬ್ಯಾಟರಿಯೋ ಎಂಬ ನನ್ನ ಪ್ರಶ್ನೆ ಬಗೆಹರಿಯಿತು. ಈಗ ನನಗೆ ಎರಡೂ ಗಂಟುಬಿದ್ದಿವೆ. ಭಾನುವಾರದ ಜೊತೆಗೆ ಶನಿವಾರವೂ ಹೋಗಬೇಕು, ಗಿಳಿಗಳಿಗೆ ವಾರದ ಲೆಕ್ಕ ಗೊತ್ತಿಲ್ಲವಂತೆ. ಅಟ್ಟಣೆ ಹತ್ತಿ, ಬೆರಳಿಗೆ ಪೆಟ್ಟು ತಿಂದು, ಮೈಯೆಲ್ಲ ಹರಳೆಣ್ಣೆ ಮಾಡಿಕೊಂಡು ಎಂಜಿನ್ ಹೊತ್ತಿಸಿ, ಇಳಿದು ಓಡಿಬಂದು ನನ್ನ ವಿಮಾನ ಬಿಡುತ್ತೇನೆ. ಗೌಡರು ಈಗ ಬದುವಿನ ಮೇಲೆ ನನಗೆ ಬೆನ್ನು ಮಾಡಿ ಕೂರುತ್ತಾರೆ.

ಮೊನ್ನೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕು ನಿಲ್ಲಿಸಿ, ತಲೆಯೆತ್ತಿ ನನ್ನ ವಿಮಾನವನ್ನು ನೋಡಿದರು. ನನ್ನ ಎದೆ ಸ್ವಲ್ಪ ಉಬ್ಬಿತು. “ಅದೇನ್ಲಾ ಸಿಂಗ್ರಿ, ಮ್ಯಾಲೆ ಆರ್ತಾ ಇರೋದು?” ಎಂದು ಎಂಜಿನ್ನಿನ ಸದ್ದಿನ ನಡುವೆ ಗಟ್ಟಿಯಾಗಿ ಕೇಳಿದರು.

“ಅದಾ? ಅದೇನಿಲ್ಲ ಬುಡು” ಎಂದರು ಗೌಡರು. “ನಮ್ ಎಂಜಿನ್ ನೋಡ್ಕೊಳೋ ಮೇಷ್ಟ್ರು. ಪುರ್ಸೊತ್ತಾದಾಗ ಆಡ್ಕೊತಾರೆ.”

ಅಷ್ಟರಲ್ಲಿ ಅಟ್ಟಣೆಯ ಮೇಲೆ ಎಂಜಿನ್ ಕೆಮ್ಮಿ ನಿಂತಿತು. “ಸಾರ್, ಗಿಣಿ ಬಂದ್ವು!” ಎಂದು ಗೌಡರು ಕೂಗಿದರು. ವಿಮಾನದ ಬ್ಯಾಟರಿಯಲ್ಲಿ ಇನ್ನೂ ಐದು ನಿಮಿಷವಿತ್ತು. ನಾನು ಅದನ್ನು ಇಳಿಸಿ, ಪಂಚೆ ಎತ್ತಿ ಕಟ್ಟಿ, “ಬಂದೆ ಗೌಡ್ರೇ” ಎಂದು ಅಟ್ಟಣೆಯ ಕಡೆ ಓಡಿದೆ.