ಭೂಪತಿ ಡ್ರೈವರ್ ನೋಡಲು ಹೋದದ್ದು

ಕಾರಮಡೈಯ ಆ ಬೀದಿಯಲ್ಲಿ ಭೂಪತಿ ತಮಿಳಿನಲ್ಲಿ ಮಾತಾಡಿದ್ದರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಪಾಪ, ಅವನು ಕನ್ನಡದಲ್ಲಿ ಕೇಳಿಬಿಟ್ಟ.

ತಿರುಪ್ಪೂರಿನ ಭೂಪತಿಗೆ ಇದ್ದದ್ದು ಒಂದೇ ಒಂದು ಲಾರಿ. ಹಿಂದಿನ ಡ್ರೈವರು ಅದನ್ನು ಮದುಕ್ಕರೈ ಹತ್ತಿರ ಹಳ್ಳಕ್ಕೆ ಇಳಿಸಿದ ಮೇಲೆ ತಿಳಿಯಿತು, ಆ ಮಹಾರಾಯನ ಲೈಸೆನ್ಸಿನ ಮೇಲೆ ಹದಿನಾಲ್ಕು ಫೈನುಗಳಿದ್ದವು ಎಂದು. ಈ ಸಲ ಹಾಗಾಗಕೂಡದು. ನಾಳೆ ಬೆಳಿಗ್ಗೆ ಆರಕ್ಕೆ ಎರಡು ದಿನದ ದಾರಿಯ ಭಿವಂಡಿಗೆ ನೂಲಿನ ಲೋಡು ಹೊರಡಬೇಕು. ಸೊಂಟ ಹಿಡಿದಿದ್ದ ಭೂಪತಿಗೆ ಡಾಕ್ಟರು ಸ್ಟೀರಿಂಗ್ ಮುಟ್ಟಲೇಬೇಡ ಎಂದಿದ್ದರು. ಯಾರೋ ಗೋಕುಲ್ ಎಂಬುವವನ ಹೆಸರು ಹೇಳಿದರು. ಲೈಸೆನ್ಸ್ ನಂಬರು ಹಾಕಿ ಮೊಬೈಲಿನಲ್ಲಿ ನೋಡಿದರೆ ಹನ್ನೊಂದು ವರ್ಷದ ಲೈಸೆನ್ಸು, ಒಂದೇ ಒಂದು ಫೈನಿಲ್ಲ. ಅಷ್ಟು ಚೊಕ್ಕವಾಗಿದ್ದದ್ದೇ ಅವನಿಗೆ ಅನುಮಾನ. ಅಕ್ಕಪಕ್ಕದವರನ್ನೂ ಒಂದು ಮಾತು ವಿಚಾರಿಸೋಣವೆಂದು ಬಸ್ಸು ಹತ್ತಿದ.

ಬೀದಿಯ ಬಾಯಲ್ಲೇ ಅಂಗಮ್ಮ ಎಂಬಾಕೆ ತನ್ನ ಮೇಕೆಯನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ಮನೆಮಾತು ಕನ್ನಡವೇ ಆಗಿದ್ದ ಭೂಪತಿಗೆ ನಮ್ಮವರೇ ಎಂದು ಖುಷಿಯಾಯಿತು. "ಅಕ್ಕಾ, ಇಲ್ಲಿ ಗೋಕುಲ್ ಅಂತ ಇದ್ದಾನಲ್ಲ, ಹುಡುಗ ಹೆಂಗೆ?" ಎಂದ.

ಆ ಕಡೆಯ ಕನ್ನಡದವರು ಕೆಲಸ, ಕಚೇರಿ, ಶಾಲೆ ಎಲ್ಲವನ್ನೂ ತಮಿಳಿನಲ್ಲೇ ನಡೆಸುತ್ತಾರೆ. ಕನ್ನಡ ಏನಿದ್ದರೂ ಮನೆಯೊಳಗಿನ ಮಾತು. ಗುರುತಿಲ್ಲದವನೊಬ್ಬ ಬಿಳಿ ಪಂಚೆ ಉಟ್ಟು ಬಂದು ಹುಡುಗ ಹೇಗೆ ಎಂದು ಕನ್ನಡದಲ್ಲಿ ಕೇಳಿದರೆ ಅವನು ಹೆಣ್ಣಿನ ತಂದೆಯೇ, ಬೇರೆ ಯಾರೂ ಅಲ್ಲ. ಅಂಗಮ್ಮ ಸೆರಗು ಸರಿಮಾಡಿಕೊಂಡು ಮೊದಲು ಅವನ ಕುಲ ಯಾವುದೆಂದು ಕೇಳಿದಳು. ಒಂದೇ ಕುಲದೊಳಗೆ ಹೆಣ್ಣು ಕೊಡುವ ಹಾಗಿಲ್ಲ; ಗೋಕುಲ್‌ನ ಕುಲ ಅಲ್ಲವೆಂದು ತಿಳಿದದ್ದೇ ಅವಳ ಮುಖ ಅರಳಿತು. ಲಾರಿ ಓಡಿಸುವುದಕ್ಕೂ ಕುಲಕ್ಕೂ ಏನು ಸಂಬಂಧವೋ ಭೂಪತಿಗೆ ಹೊಳೆಯಲಿಲ್ಲ.

"ತಂಗ ಅಣ್ಣಾ, ಚಿನ್ನದಂಥ ಹುಡುಗ. ರಾತ್ರಿ ಲಾರಿ ವಂಡಿ ಮುಟ್ಟೋದೇ ಇಲ್ಲ. ಒಂಬತ್ತಕ್ಕೆಲ್ಲ ಮಲಗಿಬಿಡ್ತಾನೆ," ಎಂದಳು ಅಂಗಮ್ಮ.

ಭೂಪತಿಯ ಲೋಡು ರಾತ್ರಿಯೆಲ್ಲ ಓಡಬೇಕಿತ್ತು. ದೂರದ ಟ್ರಿಪ್ಪಿಗಾದರೂ ಹೋಗುತ್ತಾನೋ ಎಂದು ಕೇಳಿದ. ಪಕ್ಕದ ಮೇಟ್ಟುಪಾಳಯಂ ದಾಟಿದವನೇ ಅಲ್ಲ, ಸಂಜೆಗೆ ಅಮ್ಮನ ಕೈಯೂಟಕ್ಕೆ ಹಾಜರು ಎಂದು ಅವಳು ಮೇಕೆಯ ತಲೆ ಮುಟ್ಟಿ ಆಣೆ ಇಟ್ಟಳು. ಅಷ್ಟರಲ್ಲಿ ಟೈಲರ್ ಅಯ್ಯಾಸಾಮಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ. ನೀವು ಹೂಂ ಅಂದರೆ ಹುಡುಗ ಈ ಕ್ಷಣ ಲಾರಿ ಬಿಟ್ಟು ಅಂಗಡಿ ಇಡುತ್ತಾನೆ ಎಂದು ಭರವಸೆ ಕೊಟ್ಟ. ಒಬ್ಬೊಬ್ಬರು ಬಾಯಿ ತೆರೆದಷ್ಟೂ ಭೂಪತಿಯ ನಾಳೆಯ ಲೋಡು ಕೈತಪ್ಪುತ್ತಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡೋಣವೆಂದರೆ ಅವರು ಬಿಡಲಿಲ್ಲ. ಎರಡೂ ಕೈ ಹಿಡಿದು ಗೋಕುಲ್ ಮನೆಗೇ ಕರೆದುಕೊಂಡು ಹೋದರು.

ಗೋಕುಲ್ ಮನೆಯಲ್ಲಿರಲಿಲ್ಲ. ತಾಯಿ ವಳ್ಳಿಯಮ್ಮ ಆಗಲೇ ರೇಷ್ಮೆ ಸೀರೆ ಉಟ್ಟಾಗಿತ್ತು. ಅವಸರದಲ್ಲಿ ನೆರಿಗೆ ಸೊಟ್ಟಗಿತ್ತು. ಕಾಫಿ ಬೆಳ್ಳಿ ಲೋಟದಲ್ಲಿ ಬಂತು. ಭೂಪತಿಗೆ ಆಗ ಎಲ್ಲ ಅರ್ಥವಾಯಿತು. ನಾನು ಬಂದದ್ದು ಡ್ರೈವರಿಗೆ ಎಂದು ಹೇಳಲು ಬಾಯಿ ತೆರೆದ. ವಳ್ಳಿಯಮ್ಮ ಬೀದಿಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಅವರು ಹೇಳಿದ್ದೆಲ್ಲ ಸುಳ್ಳಪ್ಪಾ. ನನ್ನ ಮಗ ನಾಗಪುರದ ತನಕ ಹೋಗ್ತಾನೆ, ರಾತ್ರಿಯೆಲ್ಲ ಓಡಿಸ್ತಾನೆ. ಲಾರಿಯೋನು ಅಂತ ಆರು ಕಡೆ ಬೇಡ ಅಂದ್ರು. ನಮ್ಮ ಕನ್ನಡ ಮಾತಾಡ್ಕೊಂಡು ಯಾರೂ ಈ ಬಾಗಲಿಗೆ ಬರದೆ ಎರಡು ವರ್ಷ ಆಯ್ತು. ಆದ್ರೂ ಸುಳ್ಳು ಹೇಳಿ ಹೆಣ್ಣು ತರೋದು ನಂಗೆ ಬೇಡ."

ಭೂಪತಿಗೆ ಬೇಕಾಗಿದ್ದ ಡ್ರೈವರು ಇವನೇ. ಒಂದು ಮಾತು ಆಡಿದರೆ ಸಾಕಿತ್ತು. ಆದರೆ ಆ ಸೊಟ್ಟ ನೆರಿಗೆಯನ್ನು ನೋಡಿ ಅವನು ಲೋಟ ಕೆಳಗಿಟ್ಟ. ತಾನೂ ಲಾರಿಯವನೇ, ತನಗೂ ಹೆಣ್ಣು ಸಿಗುವುದು ಅಷ್ಟೇ ಕಷ್ಟವಾಗಿತ್ತು.

"ಹುಡುಗಿ ಹೆಸರು ಕೃತ್ತಿಕಾ," ಎಂದುಬಿಟ್ಟ.

ಹೇಳಿದ ಮೇಲೆ ಅವನೇ ಬೆಚ್ಚಿಬಿದ್ದ. ಮಾತು ಸುಳ್ಳಲ್ಲ. ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಕೃತ್ತಿಕಾ ಅವನಿಗಿದ್ದಳು, ಬಂದ ಗಂಡುಗಳನ್ನೆಲ್ಲ ಬೇಡವೆನ್ನುತ್ತಿದ್ದಳು. ಅವಳಿಗೆ ಏನು ಹೇಳುವುದೆಂದು ಬಸ್ಸಿನುದ್ದಕ್ಕೂ ಬೆವರಿದ.

ಹೊರಡುವಾಗ ವಳ್ಳಿಯಮ್ಮ ಮನೆಯ ನಂಬರು ಈಸಿಕೊಂಡಿದ್ದಳು; ಅವನಿಗಿಂತ ಮೊದಲೇ ಸುದ್ದಿ ಫೋನಿನಲ್ಲಿ ಮನೆ ಸೇರಿತ್ತು. ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು. ಕೃತ್ತಿಕಾ ಬೈಯಲಿಲ್ಲ, ಗೋಕುಲ್‌ನ ಲೈಸೆನ್ಸ್ ನಂಬರು ಕೇಳಿ ತಾನೇ ನೋಡಿದಳು. ಬೀದಿಯ ಕತೆ ಕೇಳಿ ನಕ್ಕಳು.

"ಇಷ್ಟು ದಿನ ಬಂದೋರೆಲ್ಲ ಕೆಟ್ಟದ್ದನ್ನ ಮುಚ್ಚಿಟ್ರು. ಈ ಬೀದಿಯೋರು ಒಳ್ಳೇದನ್ನ ಮುಚ್ಚಿಟ್ಟಿದ್ದಾರೆ. ಮುಂದಿನ ವಾರ ಬರಲಿ, ಮಾತಾಡಿ ನೋಡ್ತೀನಿ."

ಭೂಪತಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನಾಳೆ ಲಾರಿಗೂ ಅವನನ್ನೇ ಕರೆಯುತ್ತೇನೆ ಎಂದು ಫೋನು ತೆಗೆದ. ಹೆಂಡತಿ ಅದನ್ನು ಕೈಯಿಂದ ಕಿತ್ತುಕೊಂಡಳು.

"ಅಳಿಯ ಆಗೋನನ್ನ ಸಂಬಳಕ್ಕೆ ಕರೀತಾರಾ? ಊರು ಏನನ್ನುತ್ತೆ?"

ಬೆಳಿಗ್ಗೆ ಆರಕ್ಕೆ ಭೂಪತಿ ಸೊಂಟ ಹಿಡಿದುಕೊಂಡು ತನ್ನ ಲಾರಿಯ ಬಳಿ ನಿಂತಿದ್ದ. ಕೃತ್ತಿಕಾ ಅವನ ಲೈಸೆನ್ಸ್ ಈಸಿಕೊಂಡು ಮೊಬೈಲಿನಲ್ಲಿ ನೋಡಿದಳು.

"ಒಂಬತ್ತು ಫೈನಿದೆಯಪ್ಪಾ. ನಾನು ಓನರ್ ಆಗಿದ್ರೆ ನಿಮ್ಮನ್ನ ತಗೊಳ್ತಿರ್ಲಿಲ್ಲ," ಎನ್ನುತ್ತಲೇ ಅವನ ಸೊಂಟಕ್ಕೆ ಬೆಲ್ಟು ಬಿಗಿದು ಕಟ್ಟಿದಳು. ಭೂಪತಿ ಅಯ್ಯೋ ಎಂದು ಲಾರಿ ಹತ್ತಿದ.